ಕೆಲಸ ಬೇಕಾದಾಗ ಮಾತ್ರ ನೆನಪು ಮಾಡಿಕೊಳ್ಳುವ ಗೆಳೆಯರಿಗೆ ಬಹಿರಂಗ ಪತ್ರ

ಓದು ಮುಗಿಸಿ ಬೆಂಗಳೂರಿಗೆ ಬಂದಿರುವ, ಬರಲಿರುವ ತಮ್ಮಂದಿರೇ, ತಂಗಿಯರೇ,

ನಿಮ್ಮ ಮೆಸೇಜುಗಳು ನನಗೆ ಬರುತ್ತಲೇ ಇರುತ್ತವೆ. 'ಹಾಯ್ ಸರ್, ನಿಮ್ಮ ಕಂಪನಿಯಲ್ಲಿ ಓಪನಿಂಗ್ ಇದ್ದರೆ ದಯವಿಟ್ಟು ರೆಫರ್ ಮಾಡಿ' ಎಂಬ ಒಂದೇ ಸಾಲು, ಅದರ ಬೆನ್ನಿಗೆ ರೆಸ್ಯೂಮ್. ಹಾವೇರಿ, ಸಿಂಧನೂರು, ತಿಪಟೂರು ಕಡೆಯ ಹುಡುಗ ಹುಡುಗಿಯರು. ಓದಿ ನೋಡಿದರೆ ಬಹಳಷ್ಟು ಜನ ನಿಜಕ್ಕೂ ಕೆಲಸ ಬಲ್ಲವರು. ಆದರೆ ರೆಫರ್ ಮಾಡಿದ ಮೇಲೆ ಏನಾಯಿತೆಂದು ತಿಳಿಸುವವರು ಕಡಿಮೆ. ಅದೇ ಹೆಸರು ಮತ್ತೆ ಕಾಣುವುದು ಎರಡು ಮೂರು ವರ್ಷವಾದ ಮೇಲೆ, ಅದೇ ಸಾಲಿನೊಂದಿಗೆ. ಆ ನಡುವಿನ ವರ್ಷಗಳಲ್ಲಿ ನೀವು ಕಳೆದುಕೊಂಡದ್ದರ ಬಗ್ಗೆ ಈ ಪತ್ರ.

ಮೊದಲು ರೆಫರಲ್ ಎಂದರೆ ಒಳಗೆ ಏನು ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ, ಏಕೆಂದರೆ ಇದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಹೆಚ್ಚಿನ ಐಟಿ ಕಂಪನಿಗಳಲ್ಲಿ ಇದಕ್ಕೆಂದೇ ಒಂದು ಪೋರ್ಟಲ್ ಇರುತ್ತದೆ. ನೌಕರನೊಬ್ಬ ನಿಮ್ಮ ರೆಸ್ಯೂಮನ್ನು ಅಲ್ಲಿ ಹಾಕುವಾಗ ಸಾಮಾನ್ಯವಾಗಿ ಎರಡು ಪ್ರಶ್ನೆ ಎದುರಾಗುತ್ತವೆ: ಈ ವ್ಯಕ್ತಿ ನಿಮಗೆ ಹೇಗೆ ಗೊತ್ತು? ಇವರ ಕೆಲಸದ ಬಗ್ಗೆ ನೀವು ಏನು ಹೇಳಬಲ್ಲಿರಿ? ನಿಮ್ಮನ್ನು ಬಲ್ಲವನು ಅಲ್ಲಿ ನಾಲ್ಕು ಸಾಲು ಬರೆಯುತ್ತಾನೆ, ನೇಮಕಾತಿಯವರು ಅದನ್ನು ಓದುತ್ತಾರೆ. ನಿಮ್ಮನ್ನು ಅರಿಯದವನು ಆ ಜಾಗವನ್ನು ಖಾಲಿ ಬಿಡುತ್ತಾನೆ. ಆಗ ನಿಮ್ಮ ರೆಸ್ಯೂಮ್ ಉಳಿದ ಸಾವಿರದ ಜೊತೆ ಸಾವಿರದ ಒಂದನೆಯದಾಗುತ್ತದೆ. ಒಂದು ಸಾಲಿನ ಮೆಸೇಜಿನಿಂದ ಆ ಜಾಗ ತುಂಬುವುದಿಲ್ಲ.

ಡಾಕ್ಟರರ ಮಗಳಿಗೆ, ದೊಡ್ಡ ಅಧಿಕಾರಿಯ ಮಗನಿಗೆ ಈ ಪತ್ರ ಬೇಕಾಗಿಲ್ಲ. ಅವರ ಮನೆಯ ಊಟದ ಮೇಜಿನಲ್ಲೇ ಯಾವ ಕಂಪನಿ ಬೆಳೆಯುತ್ತಿದೆ, ಯಾವ ಕೋರ್ಸಿಗೆ ಬೆಲೆ ಇದೆ, ಯಾರನ್ನು ಕೇಳಬೇಕು ಎಂಬ ಮಾತು ಓಡಾಡುತ್ತದೆ. ಮನೆಯಲ್ಲಿ ಮೊದಲ ಡಿಗ್ರಿ ನಿಮ್ಮದೇ ಆಗಿದ್ದರೆ ಅಪ್ಪ ಅಮ್ಮ ಹೊಲ ಮಾರಿಯಾದರೂ ಫೀಸು ಕಟ್ಟಿಯಾರು, ಆದರೆ ಈ ಮಾತುಗಳನ್ನು ಅವರು ಕೊಡಲಾರರು. ಅವನ್ನು ನೀವೇ ಗಳಿಸಬೇಕು. ಹಾಗಾಗಿಯೇ, ಜನಸಂಪರ್ಕ ಉಳ್ಳವರ ಚಟ, ನಮಗೆ ಪ್ರತಿಭೆ ಸಾಕು ಎಂದು ಯಾರಾದರೂ ಅಂದಾಗ ನನಗೆ ಸಂಕಟವಾಗುತ್ತದೆ. ಪ್ರತಿಭೆ ಇದೆ ಎಂದು ಒಬ್ಬರಿಗಾದರೂ ಗೊತ್ತಿರಬೇಕಲ್ಲ!

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ ಇಂಥ ಪರಿಚಯಗಳ ಬಗ್ಗೆ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಮೆರಿಕದ ಬೋಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ, ಆಗಷ್ಟೇ ಕೆಲಸ ಬದಲಿಸಿದ ವೃತ್ತಿಪರರನ್ನು ಅವರು ಮಾತಾಡಿಸಿದ್ದರು. ಪರಿಚಯದವರಿಂದ ಕೆಲಸದ ಸುದ್ದಿ ತಿಳಿದವರನ್ನು, ಆ ವ್ಯಕ್ತಿಯನ್ನು ಆಗ ಎಷ್ಟು ಸಲ ಕಾಣುತ್ತಿದ್ದಿರಿ ಎಂದು ಕೇಳಿದರು. ವಾರಕ್ಕೆರಡು ಸಲವಾದರೂ ಕಾಣುತ್ತಿದ್ದೆವು ಎಂದವರು ಶೇ. 16.7 ಮಾತ್ರ. ಶೇ. 55.6 ಮಂದಿ ಆಗೊಮ್ಮೆ ಈಗೊಮ್ಮೆ ಎಂದರು. ಉಳಿದ ಶೇ. 27.8 ಮಂದಿ ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಎಂದರು. ಸುದ್ದಿ ತಂದವರು ಹಳೆಯ ಕಾಲೇಜು ಗೆಳೆಯರು, ಹಿಂದಿನ ಕಚೇರಿಯ ಸಹೋದ್ಯೋಗಿಗಳು, ನಂಟು ಪೂರ್ತಿ ಕಡಿದುಹೋಗದಂತೆ ಉಳಿಸಿಕೊಂಡವರು. ಕಾರಣ ಸರಳ. ನಿಮ್ಮ ಪಿಜಿಯ ರೂಮ್‌ಮೇಟಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ.

ಗ್ರನೊವೆಟರ್ ಅವರ ಲೆಕ್ಕ ಚಿಕ್ಕದು, ಹತ್ತಾರು ಜನರದ್ದು. ಆದರೆ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಐದು ವರ್ಷ ಗಮನಿಸಿ ಹೆಚ್ಚು ಕಡಿಮೆ ಅದೇ ಮಾತನ್ನು ಹೇಳಿತು, ಒಂದು ತಿದ್ದುಪಡಿಯೊಂದಿಗೆ: ಕೆಲಸ ಬದಲಿಸಲು ಹೆಚ್ಚು ನೆರವಾದದ್ದು ತೀರ ಆಪ್ತರೂ ಅಲ್ಲ, ತೀರ ಅಪರಿಚಿತರೂ ಅಲ್ಲ, ನಡುವಿನ ಪರಿಚಯದವರು. ಬರೀ 'ಕನೆಕ್ಟ್' ಒತ್ತಿ ಐನೂರು ಹೆಸರು ಕೂಡಿಟ್ಟುಕೊಂಡವರು ಈ ತಿದ್ದುಪಡಿಯನ್ನು ಎರಡು ಸಲ ಓದಬೇಕು.

ಇದೇನೂ ಅಮೆರಿಕದವರು ಕಲಿಸಬೇಕಾದ ವಿದ್ಯೆಯಲ್ಲ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರು, ಊರಿನವರೊಬ್ಬರ ವಿಳಾಸ ಹಿಡಿದು ಮುಂಬಯಿ ಬಸ್ಸು ಹತ್ತಿ ಉಡುಪಿ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ಕರಾವಳಿಯ ಹುಡುಗರು, ಮಠದ ಹಾಸ್ಟೆಲುಗಳಲ್ಲಿ ಬೆಳೆದು ಒಬ್ಬರನ್ನೊಬ್ಬರು ಕೈ ಹಿಡಿದೆತ್ತಿದವರು, ಇವರೆಲ್ಲ ಪರಿಚಯದ ಬಲದಿಂದಲೇ ಬದುಕು ಕಟ್ಟಿಕೊಂಡರು. ಆದರೆ ಒಂದನ್ನು ಮುಚ್ಚಿಡಬಾರದು. ಆ ಪರಿಚಯ ತೆರೆದ ಬಾಗಿಲುಗಳು ಬಹುಪಾಲು ಜಾತಿಯ ಬಾಗಿಲುಗಳಾಗಿದ್ದವು. ತನ್ನ ಜಾತಿಯವರು ಪೇಟೆಯಲ್ಲಿ ಇಲ್ಲದ ಹುಡುಗನಿಗೆ ವಾರಾನ್ನವೂ ಇರಲಿಲ್ಲ, ವಿಳಾಸವೂ ಇರಲಿಲ್ಲ. ವೃತ್ತಿಯ ಮೇಲೆ ಕಟ್ಟಿದ ಪರಿಚಯಕ್ಕೆ ನಾನು ಇಷ್ಟು ಬೆಲೆ ಕೊಡುವುದು ಇದಕ್ಕೇ. ಬೆಂಗಳೂರಿನ ಪೈಥಾನ್ ಬಳಗ ಬ್ಯಾಂಗ್‌ಪೈಪರ್ಸ್ ವರ್ಷಗಳಿಂದ ಉಚಿತವಾಗಿ ಸಭೆ ಸೇರುತ್ತಿದೆ. 2009ರಲ್ಲಿ ದೇಶದ ಮೊದಲ ಪೈಥಾನ್ ಸಮ್ಮೇಳನ, ಪೈಕಾನ್, ನಡೆದದ್ದು ಇದೇ ಊರಿನಲ್ಲಿ. ಅಲ್ಲಿ ನಿಮ್ಮನ್ನು ಅಳೆಯುವುದು ನೀವು ಬರೆದ ಕೋಡಿನಿಂದ. ಸಿವಿಲ್, ಮೆಕ್ಯಾನಿಕಲ್‌ನವರಿಗೆ 1920ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್‌ನ ರಾಜ್ಯ ಕೇಂದ್ರ ಬೆಂಗಳೂರಿನಲ್ಲಿದೆ. ಲೆಕ್ಕಪರಿಶೋಧಕರಿಗೆ ಸ್ಟಡಿ ಸರ್ಕಲ್‌ಗಳಿವೆ. ವ್ಯಾಪಾರಕ್ಕೆ ಇಳಿಯುವವರಿಗೆ ವಿಶ್ವೇಶ್ವರಯ್ಯನವರು 1916ರಲ್ಲಿ ಕಟ್ಟಿದ ವಾಣಿಜ್ಯ ಸಂಸ್ಥೆ ಇಂದಿಗೂ ಎಫ್‌ಕೆಸಿಸಿಐ ಹೆಸರಿನಲ್ಲಿ ನಡೆಯುತ್ತಿದೆ. ಹೋಗಿ.

ಹೋಗಿ ಮಾಡುವುದೇನು ಎಂದು ಕೇಳುತ್ತೀರಿ. ಉಪನ್ಯಾಸ ಮುಗಿದ ಮೇಲೆ ಚಹಾದ ಹೊತ್ತಿನಲ್ಲಿ ಒಬ್ಬರನ್ನು ಮಾತಾಡಿಸಿ, ಅವರು ಏನು ಕೆಲಸ ಮಾಡುತ್ತಾರೆ, ಅದರಲ್ಲಿ ಕಷ್ಟದ್ದು ಯಾವುದು ಎಂದು ಕೇಳಿ. ಮನೆಗೆ ಬಂದು ಅವರ ಹೆಸರು, ಆಡಿದ ಮಾತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮರುದಿನ ಎರಡು ಸಾಲು ಕಳಿಸಿ. ಅವರು ಹೇಳಿದ ಪುಸ್ತಕವನ್ನೋ ಟೂಲನ್ನೋ ಬಳಸಿ ನೋಡಿದ ಮೇಲೆ ಹೇಗಿತ್ತೆಂದು ತಿಳಿಸಿ. ಈ ಕೊನೆಯದನ್ನು ಮಾಡುವವರು ಎಷ್ಟು ವಿರಳವೆಂದರೆ, ಮಾಡಿದವರ ಹೆಸರು ಮರೆಯುವುದೇ ಇಲ್ಲ. ನಿಮ್ಮ ಕಚೇರಿಯಲ್ಲಿ ಓಪನಿಂಗ್ ಬಂದರೆ ಕೆಲಸ ಹುಡುಕುತ್ತಿರುವ ಹಳೆಯ ಸಹಪಾಠಿಗೆ ನೀವಾಗಿಯೇ ತಿಳಿಸಿ. ನಿಮಗೆ ಕಲಿಸಿದ ಮೇಷ್ಟ್ರಿಗೆ ಈಗ ಎಲ್ಲಿದ್ದೀರೆಂದು ಬರೆಯಿರಿ, ಅವರ ಬಳಿ ನಿಮ್ಮ ಮುಂದಿನ ಹಿಂದಿನ ಹತ್ತು ಬ್ಯಾಚಿನವರ ಸುದ್ದಿ ಇರುತ್ತದೆ. ವಾರಕ್ಕೆ ಅರ್ಧ ಗಂಟೆ ಸಾಕು, ಆದರೆ ಪ್ರತಿ ವಾರ. ಭಾನುವಾರ ಬಟ್ಟೆ ಇಸ್ತ್ರಿಗೆ ಕೊಡುವಷ್ಟು ಸಹಜವಾಗಿ ಇದು ನಡೆಯಬೇಕು. ಸಂಬಳ ಬರುತ್ತಿರುವ ದಿನಗಳಲ್ಲೇ ಇದು ಸುಲಭ. ಕೆಲಸ ಕಳೆದುಕೊಂಡ ದಿನ ಬರೆಯುವ ಪತ್ರದಲ್ಲಿ ಗಾಬರಿ ಇರುತ್ತದೆ, ಓದುವವರಿಗೆ ಅದು ಗೊತ್ತಾಗುತ್ತದೆ.

ಇದು ವಶೀಲಿ ಅಲ್ಲವೇ ಎಂದು ಸ್ವಾಭಿಮಾನಿಗಳು ಕೇಳುತ್ತಾರೆ. ಯೋಗ್ಯತೆ ಇಲ್ಲದವನನ್ನು ಕುರ್ಚಿಯ ಮೇಲೆ ಕೂರಿಸುವುದು ವಶೀಲಿ. ಅದರಿಂದ ಯೋಗ್ಯನೊಬ್ಬ ಹೊರಗುಳಿಯುತ್ತಾನೆ, ಅದನ್ನು ನಾನೂ ಒಪ್ಪುವುದಿಲ್ಲ. ನಾನು ಹೇಳುತ್ತಿರುವ ಪರಿಚಯ ನಿಮ್ಮನ್ನು ಇಂಟರ್‌ವ್ಯೂ ಕೋಣೆಯ ಬಾಗಿಲವರೆಗೆ ತಲುಪಿಸುತ್ತದೆ, ಒಳಗೆ ಉತ್ತರ ಕೊಡಬೇಕಾದವರು ನೀವೇ. ಇಂಗ್ಲಿಷ್ ತಡವರಿಸುತ್ತದೆ ಎಂಬ ಅಳುಕು ಇದ್ದರೆ ಎದುರಿನವರಿಗೆ ಕನ್ನಡ ಬರುತ್ತದೆಯೇ ಎಂದು ಕೇಳಿ. ಬೆಂಗಳೂರಿನ ಎಷ್ಟೋ ಹಿರಿಯ ಎಂಜಿನಿಯರುಗಳು ಆ ಪ್ರಶ್ನೆಗೆ ಸಂತೋಷದಿಂದ ಹೌದು ಎನ್ನುತ್ತಾರೆ.

ತಂಗಿಯರಿಗೆ ಒಂದು ಮಾತು ಬೇರೆಯಾಗಿ. ಸಂಜೆ ಏಳರ ಸಭೆಗಳು, ಕೆಲಸ ಮುಗಿದ ಮೇಲಿನ ಪಾರ್ಟಿಗಳು ಪಿಜಿಯ ಗೇಟು ಮುಚ್ಚುವ ಹೊತ್ತು, ಮಗುವಿನ ಊಟ ನೋಡಿಕೊಳ್ಳಬೇಕಾದವರಿಗೆ ಮುಚ್ಚಿದ ಬಾಗಿಲುಗಳೇ. ಹಗಲು ನಡೆಯುವ ಸಭೆಗಳನ್ನು ಕೇಳಿ ಪಡೆಯಿರಿ, ಸಂಘಟಕರಿಗೆ ಪತ್ರ ಬರೆಯಿರಿ. ಹೆರಿಗೆಗೆಂದು ಕೆಲಸ ಬಿಡುವವರು ತಂಡದ ಇಬ್ಬರೊಡನೆಯಾದರೂ ಮಾತು ಬಿಡಬೇಡಿ. ವರ್ಷವೆರಡು ಕಳೆದು ವಾಪಸಾಗುವಾಗ ರೆಸ್ಯೂಮಿನ ಆ ಖಾಲಿ ಜಾಗದ ಬಗ್ಗೆ ನಿಮ್ಮ ಪರವಾಗಿ ಮಾತಾಡುವವರು ಅವರೇ.

ಈ ಪತ್ರ ಓದುತ್ತಿರುವ ನನ್ನ ಓರಗೆಯವರೇ, ಹತ್ತು ಹದಿನೈದು ವರ್ಷದಿಂದ ಈ ಊರಿನಲ್ಲಿ ನೆಲೆ ನಿಂತವರೇ, ನಿಮ್ಮಲ್ಲೂ ಕೇಳಿಕೊಳ್ಳುವುದಿದೆ. ಆ ಹುಡುಗರ ಮೆಸೇಜು ಬಂದಾಗ, ಆಗುವುದಿಲ್ಲ ಎಂದಾದರೂ ಉತ್ತರಿಸಿ, ರೆಸ್ಯೂಮಿನ ಒಂದು ತಪ್ಪನ್ನಾದರೂ ತೋರಿಸಿ. ನಮ್ಮಲ್ಲಿ ಅನೇಕರು ಹಾಗೆ ಯಾರೋ ಉತ್ತರಿಸಿದ್ದರಿಂದಲೇ ಇಲ್ಲಿದ್ದೇವೆ.

ತಮ್ಮಂದಿರೇ, ತಂಗಿಯರೇ, ಈ ಭಾನುವಾರ ಒಬ್ಬರಿಗೆ ಬರೆಯಿರಿ. ಕೆಲಸ ಕೇಳಬೇಡಿ. ಹೇಗಿದ್ದೀರಿ ಎಂದು ಕೇಳಿ, ನೀವು ಏನು ಕಲಿಯುತ್ತಿದ್ದೀರಿ ಎಂದು ಹೇಳಿ. ಮುಂದಿನ ಭಾನುವಾರ ಇನ್ನೊಬ್ಬರಿಗೆ.

ಇಂತಿ,
ನಿಮ್ಮ ಮೆಸೇಜುಗಳನ್ನು ಓದುವ ಒಬ್ಬ ಹಿರಿಯ ಸಹೋದ್ಯೋಗಿ