ಸುತ್ತೋಲೆ ಸಾಹೇಬರಿಗೊಂದು ಬಹಿರಂಗ ಪತ್ರ

ಗೆ,
ಶ್ರೀಮಾನ್ ಸುತ್ತೋಲೆ ಸಾಹೇಬರು,
ನೋಟಿಸ್ ಬೋರ್ಡ್ (ಗಾಜು, ಬೀಗ ಸಹಿತ),
ಎಲ್ಲ ಸರ್ಕಾರಿ ಕಚೇರಿಗಳು.

ವಿಷಯ: ತಾವು ಬಾಯಿ ಬಿಡುವ ಕುರಿತು.
ಉಲ್ಲೇಖ: ಮಾಹಿತಿ ಹಕ್ಕು ಕಾಯ್ದೆ, 2005, ಸೆಕ್ಷನ್ 4(4).

ಮಾನ್ಯರೇ,

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ ‘ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು’ ಎಂದು ಮುಗಿಯುವ ತಮ್ಮ ಶೈಲಿಗೆ ನಮ್ಮೂರಲ್ಲಿ ಅಪಾರ ಗೌರವವಿದೆ. ಓದಿದವರು ಮಾತ್ರ ಸಿಕ್ಕಿಲ್ಲ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಸುಮಾರು ಶೇ. 75. ನಾಲ್ವರಲ್ಲಿ ಒಬ್ಬರಿಗೆ ತಾವು ಬರೀ ಇರುವೆ ಸಾಲು. ಉಳಿದ ಮೂವರು ಓದಬಲ್ಲರು. ಅರ್ಥವನ್ನು ಮಾತ್ರ ಕೇಳಬಾರದು.

ತಾವು ಹುಟ್ಟು ಮೂಗರೇನಲ್ಲ. ಕೊರೊನಾ ಬಂದ 2020ರಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಸರ್ಕಾರವೇ ಕೆಮ್ಮುತ್ತಿತ್ತು. ಕಸದ ಗಾಡಿ ಹಾಡಿಕೊಂಡೇ ಬರುತ್ತದೆ. ವೋಟು ಬೇಕಾದಾಗ ತಮ್ಮ ಧಣಿಗಳಿಗೆ ಮಂಗಳೂರಲ್ಲಿ ತುಳು, ತಾಂಡಾದಲ್ಲಿ ಲಂಬಾಣಿ ಸಲೀಸಾಗಿ ಬರುತ್ತದೆ. ಗೆದ್ದ ಮೇಲೆ ಎಲ್ಲವೂ ಪಿಡಿಎಫ್. ಅದೂ ಸೊಟ್ಟಗೆ ಸ್ಕ್ಯಾನ್ ಮಾಡಿದ್ದು. ಕಣ್ಣು ಕಾಣದವರಿಗೆ ಓದಿ ಹೇಳುವ ಆ್ಯಪ್ ಕೂಡ ಅದರ ಮುಂದೆ ತಡವರಿಸುತ್ತದೆ.

ಮಾಹಿತಿ ಸ್ಥಳೀಯ ಭಾಷೆಯಲ್ಲಿ, ಆ ಊರಿಗೆ ಒಗ್ಗುವ ಮಾರ್ಗದಲ್ಲಿ ತಲುಪಬೇಕು ಎನ್ನುತ್ತದೆ ಮೇಲಿನ ಸೆಕ್ಷನ್. ನೋಟಿಸ್ ಬೋರ್ಡಿನ ಜೊತೆಗೆ ಪತ್ರಿಕೆ, ಸಾರ್ವಜನಿಕ ಘೋಷಣೆ, ಪ್ರಸಾರ, ಇಂಟರ್ನೆಟ್‌ಗಳನ್ನೂ ಕಾಯ್ದೆ ಹೆಸರಿಸಿದೆ. ತಾವು ಪಟ್ಟಿಯ ಮೊದಲ ಹೆಸರಿಗೇ ಮೊಳೆ ಹೊಡೆದುಕೊಂಡು ನಿಂತಿರಿ.

ತಾಂತ್ರಿಕ ತೊಂದರೆ ಎನ್ನುವಿರೇನೋ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು, ಸಮುದಾಯ ರೇಡಿಯೋಗೆ ಪರವಾನಗಿ ಸಿಗದ ಕಾಲದಲ್ಲಿ, ಕೇಬಲ್ ತಂತಿಯಲ್ಲೇ ಮನೆಮನೆಗೆ ದನಿ ಮುಟ್ಟಿಸಿದ್ದರು. ಈಗ ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆ ಯಂತ್ರಕ್ಕೇ ನಮ್ಮ ಭಾಷೆಗಳನ್ನು ಕಲಿಸುತ್ತಿದೆ. ಆದರೆ ಎಚ್ಚರ: ಯಂತ್ರವೂ ‘ಮೇಲ್ಕಂಡ’ ಎಂದೇ ಶುರುಮಾಡಿದರೆ ಕಣ್ಣಿಗಿದ್ದ ಶಿಕ್ಷೆ ಕಿವಿಗೆ ವರ್ಗವಾಗುತ್ತದೆ, ಅಷ್ಟೆ.

ಬೇಡಿಕೆ ಸಣ್ಣದು. ಯಾರಿಗೆ, ಎಷ್ಟು, ಯಾವ ದಿನದೊಳಗೆ, ಯಾವ ಕಾಗದ ತರಬೇಕು — ಒಂದು ನಿಮಿಷದ ಧ್ವನಿಮುದ್ರಣ. ಕನ್ನಡದ ಜೊತೆಗೆ ಆಯಾ ಊರಿನ ತುಳು, ಕೊಡವ, ಕೊಂಕಣಿ, ಬ್ಯಾರಿ, ಲಂಬಾಣಿ, ಉರ್ದುವಿನಲ್ಲಿ. ದನಿ ಅಂಗನವಾಡಿ ಕಾರ್ಯಕರ್ತೆಯದಾದರೆ ಉತ್ತಮ, ಊರು ನಂಬುತ್ತದೆ. ಆ ಕೆಲಸಕ್ಕೆ ಅವರಿಗೆ ಸಂಭಾವನೆ ಕೊಡುವ ಸುತ್ತೋಲೆಯನ್ನೂ ದಯವಿಟ್ಟು ಜೋರಾಗಿಯೇ ಓದಿಸಿ.

ಇಂತಿ,
ಗಾಜಿನ ಈಚೆ ನಿಂತವರು

ಪ್ರತಿ: ಓದುಗರಿಗೆ, ಮುಂದಿನ ಕ್ರಮಕ್ಕಾಗಿ. ಬರೆಯಲು ಬಾರದವರು ಮಾಹಿತಿ ಹಕ್ಕಿನ ಅರ್ಜಿಯನ್ನು ಬಾಯಲ್ಲೇ ಹೇಳಬಹುದು. ಅದನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ ಎಂದು ಅದೇ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಹೋಗಿ, ಹೇಳಿ. ಉತ್ತರವನ್ನೂ ಓದಿ ಹೇಳಿಸಿಕೊಂಡೇ ಬನ್ನಿ.