ಅಟ್ಟದ ಮೇಲಿನ ಡಬ್ಬಿ: ಮುಟ್ಟುವ ಮುನ್ನ ಓದಿ

ಬೇಕಾಗುವ ಸಾಮಾನು: ಆಡೂರಿನ ಹಳೇ ಮನೆಯ ಅಟ್ಟ, ಅದರ ಮೇಲೆ ಹೆಸರು ಅಳಿಸಿಹೋದ ಬೀಜೋಪಚಾರದ ಡಬ್ಬಿ, ಒಂದು ಮಾಸ್ ಸ್ಪೆಕ್ಟ್ರೋಮೀಟರು. ಮೊದಲೆರಡು ಊರಲ್ಲೇ ಸಿಗುತ್ತವೆ. ಮೂರನೆಯದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಹೋಗಬೇಕು. ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ ಹತ್ತಬೇಡಿ.

ಹಂತ 1. ಮುಚ್ಚಳ ತೆಗೆಯಬೇಡಿ. ಮೂಸಿ ನೋಡಿ ಹೇಳಬಲ್ಲ ಹಿರಿಯರನ್ನು ಕರೆಯಬೇಡಿ. “ಹಳೇದೈತಿ, ಪವರ್ ಹೋಗಿರತೈತಿ ಬಿಡ್ರಿ” ಎನ್ನುವವರನ್ನಂತೂ ಏಣಿಯ ಹತ್ತಿರ ಬಿಡಬೇಡಿ. ಇಂಥ ಡಬ್ಬಿಯಲ್ಲಿ ಪಾದರಸವಿರಬಹುದು, ಪಾದರಸಕ್ಕೆ ಎಕ್ಸ್‌ಪೈರಿ ಡೇಟ್ ಇಲ್ಲ. ಕಬ್ಬಿನ ತುಂಡು, ಬಿತ್ತುವ ಆಲೂಗಡ್ಡೆ ಅದ್ದಲು ಬಳಸುತ್ತಿದ್ದ ಎಮಿಸಾನ್ ಎಂಬ ಬೀಜೋಪಚಾರದ ಪುಡಿಯಲ್ಲಿದ್ದದ್ದು ಮೆಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್. ಅದರಲ್ಲಿ ಪಾದರಸ ನೇರ ಇಂಗಾಲಕ್ಕೇ ಅಂಟಿಕೊಂಡಿರುತ್ತದೆ. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ನಿಷೇಧಿಸಿತು. ಆದರೆ ಗೆಜೆಟ್ ಅಟ್ಟ ಹತ್ತುವುದು ನಿಧಾನ.

ಹಂತ 2. ಪರೀಕ್ಷೆ ನಿಮ್ಮ ಕೆಲಸವಲ್ಲ, ಯಂತ್ರದವರದು. ಕಣ್ಣಿಗೆ ಕಂಡೂ ಕಾಣದಷ್ಟು ಪುಡಿಯನ್ನು ನಿರ್ವಾತದಲ್ಲಿ ಆವಿ ಮಾಡಿ ಎಲೆಕ್ಟ್ರಾನುಗಳಿಂದ ಬಡಿಯುತ್ತಾರೆ. ಅಣು ಚೂರಾಗುತ್ತದೆ. ಚೂರುಗಳನ್ನು ತೂಕದ ಪ್ರಕಾರ ಯಂತ್ರ ಬೇರ್ಪಡಿಸುತ್ತದೆ.

ಹಂತ 3. ಯಂತ್ರದಿಂದ ಬಂದ ಕಾಗದದಲ್ಲಿ ಬೇರೆಲ್ಲ ಬಿಟ್ಟು ತೂಕ 198ರಿಂದ ಓದಿ. 198, 199, 200 ಎಂದು ಗೆರೆ ಏರುತ್ತದೆ, 201ಕ್ಕೆ ಕುಸಿಯುತ್ತದೆ, 202ಕ್ಕೆ ಎಲ್ಲಕ್ಕಿಂತ ಎತ್ತರ. 203 ಖಾಲಿ. 204ರಲ್ಲಿ ಒಂದು ಗಿಡ್ಡ ಗೆರೆ. ಪಾದರಸಕ್ಕೆ ಏಳು ಸ್ಥಿರ ಐಸೋಟೋಪುಗಳಿವೆ (ಬೇರೆ ಬೇರೆ ತೂಕದ ರೂಪಗಳು), 203 ಅವುಗಳಲ್ಲಿಲ್ಲ. ಆ ಖಾಲಿ ಜಾಗವನ್ನು ಯಾವ ಕಳ್ಳ ಲೇಬಲ್ಲೂ ತುಂಬಲಾರದು. ಇದೇ ಏರಿಳಿತ 59 ಅಂಕಿ ಮುಂದೆ ಸರಿದು 261ರಲ್ಲಿ ಎತ್ತರಕ್ಕೇರಿದ್ದರೆ ಮೆಥಾಕ್ಸಿ ಈಥೈಲ್ ತುಂಡು ಇನ್ನೂ ಪಾದರಸದ ಜೊತೆಗಿದೆ ಎಂದರ್ಥ. 296ರ ಸುತ್ತ ಇಡೀ ಅಣು ಉಳಿದಿದ್ದರೆ ಕ್ಲೋರಿನ್‌ನ 35, 37 ಐಸೋಟೋಪುಗಳೆರಡೂ ಬಂದು ಸೇರಿಕೊಂಡು ಗೆರೆಗಳ ಜಾತ್ರೆಯೇ ನೆರೆಯುತ್ತದೆ.

ಪದೇ ಪದೇ ಕೇಳುವ ಪ್ರಶ್ನೆ: ಇಂಥ ಪುಡಿ ಹಚ್ಚಿದ ಬೀಜ ತೊಳೆದು ತಿಂದರೆ? 1971ರಲ್ಲಿ ಇರಾಕಿಗೆ ಮೀಥೈಲ್ ಮರ್ಕ್ಯುರಿ ಹಚ್ಚಿದ ಬಿತ್ತನೆ ಗೋಧಿ ಬಂತು. ಚೀಲದ ಮೇಲಿನ ಎಚ್ಚರಿಕೆ ಸ್ಪ್ಯಾನಿಷ್, ಇಂಗ್ಲಿಷಿನಲ್ಲಿತ್ತು. ತೊಳೆದಾಗ ಗೋಧಿಗೆ ಬಳಿದಿದ್ದ ಕೆಂಬಣ್ಣ ಹೋಯಿತು, ವಿಷ ಉಳಿಯಿತು. ರೊಟ್ಟಿ ಮಾಡಿ ತಿಂದವರಲ್ಲಿ ಸರ್ಕಾರಿ ಲೆಕ್ಕದಲ್ಲೇ 459 ಮಂದಿ ಸತ್ತರು.

ವಿಲೇವಾರಿ: ಡಬ್ಬಿ ತೊಳೆದು ಉಪ್ಪು ತುಂಬಬೇಡಿ. ಗುಜರಿಗೆ ಹಾಕಬೇಡಿ. ಊರ ಕಡೆಯ ಧರ್ಮಾ ಕಾಲುವೆಗೆ ಎಸೆದರೆ ಕೆಸರಿನ ಬ್ಯಾಕ್ಟೀರಿಯಾಗಳು ಆ ಪಾದರಸವನ್ನು ಮೀಥೈಲ್ ಮರ್ಕ್ಯುರಿ ಮಾಡಿ ಮೀನಿಗೆ ದಾಟಿಸಬಲ್ಲವು. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೇಲೆ ‘ವಿಷ’ ಎಂದು ಕನ್ನಡದಲ್ಲೇ ದಪ್ಪಗೆ ಬರೆದು, ರೈತ ಸಂಪರ್ಕ ಕೇಂದ್ರಕ್ಕೆ ಫೋನ್ ಮಾಡಿ.