ಕಾವಿಗೆ ಕೂತ ಭಾವ

ಅಂಗಡಿಯಲ್ಲಿ ಸಿಗುವ ವಸ್ತುವನ್ನು ಅಂಗಡಿಯಿಂದಲೇ ತರುವುದು ಅವಮಾನ ಎಂದುಕೊಂಡವರು ಪ್ರತಿ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ಅವರ ಮನೆಯ ಕಾಲಿಂಗ್ ಬೆಲ್ ಒತ್ತಿದರೆ ವರಾಂಡದ ದೀಪ ಹತ್ತುತ್ತದೆ. ಯಾವ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆಂಬುದು ಅವರೊಬ್ಬರಿಗೇ ಗೊತ್ತು. ಹಳೇ ಮಿಕ್ಸಿಯ ಮೋಟಾರು, ಸತ್ತ ಕಂಪ್ಯೂಟರಿನ ಫ್ಯಾನು, ಡಬ್ಬದ ತುಂಬ ಜೊತೆಯಿಲ್ಲದ ಸ್ಕ್ರೂಗಳು, ಇವು ಅವರ ಸ್ಥಿರಾಸ್ತಿ. ಹೆಂಡತಿ ಗುಜರಿಗೆ ಹಾಕಿದಳೋ, ಊಟ ಬಿಟ್ಟರು. ನಿಮ್ಮ ಬಡಾವಣೆಯಲ್ಲಿ ಯಾರೋ ಗೊತ್ತಿಲ್ಲ. ನನ್ನ ಪಾಲಿಗೆ ಬಂದವರು ನಮ್ಮಕ್ಕನ ಗಂಡ. ತುಮಕೂರಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾರೆ. ನಿವೃತ್ತರು, ಗಟ್ಟಿಮುಟ್ಟಾಗಿದ್ದಾರೆ.

ಭಾವನಿಗೆ ಕೋಳಿ ಬೇಕಾಗಿರಲಿಲ್ಲ. ಬೇಕಾದವರು ಹೆಬ್ಬಾಳದಿಂದ ಗಿರಿರಾಜ ಮರಿ ತಂದು ಬುಟ್ಟಿ ಮುಚ್ಚಿ ಸುಮ್ಮನಾಗುತ್ತಾರೆ. ಭಾವನಿಗೆ ಬೇಕಾಗಿದ್ದದ್ದು, ಕೋಳಿಯ ಕೆಲಸವನ್ನು ಕೋಳಿಯಿಲ್ಲದೆ ಮಾಡುವ ಪೆಟ್ಟಿಗೆ. ಮೀನಂಗಡಿಯವನನ್ನು ಕಾಡಿ ಬೇಡಿ ಥರ್ಮಾಕೋಲ್ ಪೆಟ್ಟಿಗೆ ತಂದರು. ಸೋಪುನೀರಲ್ಲಿ ಎಷ್ಟು ತೊಳೆದರೂ ಅದರಿಂದ ಬಂಗುಡೆ ಹೋಗಲಿಲ್ಲ. ಮುಚ್ಚಳಕ್ಕೆ ಫೋಟೋ ಫ್ರೇಮಿನ ಗಾಜು, ಒಳಗೆ 40 ವ್ಯಾಟ್ಸಿನ ಹಳೇ ಬಲ್ಬು, ಗಾಳಿ ಆಡಿಸಲು ಆ ಸತ್ತ ಕಂಪ್ಯೂಟರಿನ ಫ್ಯಾನು, ತೇವಕ್ಕೆ ಒಂದು ಬಟ್ಟಲು ನೀರು. ದುಡ್ಡು ಕೊಟ್ಟು ತಂದದ್ದೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಬೆಂಕಿಪೊಟ್ಟಣದಷ್ಟು ಥರ್ಮೋಸ್ಟಾಟ್ ಒಂದೇ. ಬಿಸಿ 37.5 ಡಿಗ್ರಿ ಮುಟ್ಟಿದರೆ ಟಿಕ್ ಎಂದು ಬಲ್ಬು ಆರಿಸುತ್ತದೆ, ಇಳಿದರೆ ಟಿಕ್ ಎಂದು ಹಚ್ಚುತ್ತದೆ. ಹಗಲೂ ರಾತ್ರಿ ಟಿಕ್.

ಯಾರು ಬಂದರೂ ಪೆಟ್ಟಿಗೆಯ ಮುಂದೆ ಕೂರಿಸಿ ಪಾಠ. "ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷದ ಹಿಂದೇನೇ ಗೂಡು ಕಟ್ಟಿ, ಬೆಂಕಿ ಹಾಕಿ, ಸಾವಿರಗಟ್ಟಲೆ ಮರಿ ಮಾಡೋರು ಕಣಯ್ಯಾ. ಥರ್ಮಾಮೀಟರ್ ಎಲ್ಲಿ ಬಂತು? ಮೊಟ್ಟೇನ ಕಣ್ಣುರೆಪ್ಪೆಗೆ ಒತ್ತಿ ನೋಡಿ ಬಿಸಿ ಹೇಳೋರು." ಮಾತು ಅಲ್ಲಿಗೇ ನಿಂತಿದ್ದರೆ ಸರಿ. ಬಂದವರ ಕನ್ನಡಕ ತೆಗೆಸಿ, ರೆಪ್ಪೆಗೆ ಮೊಟ್ಟೆ ಒತ್ತಿ, "ಎಷ್ಟಿದೆ ಹೇಳು" ಎನ್ನುತ್ತಿದ್ದರು. ಕರೆಂಟ್ ಮೀಟರ್ ಓದಲು ಬಂದ ಹುಡುಗ "ಬೆಚ್ಚಗಿದೆ ಸಾರ್" ಎಂದು ಹೇಳಿ ಪಾರಾದ.

ಅಂಗಡಿಯ ಫಾರಂ ಮೊಟ್ಟೆಯನ್ನೇ ಇಡಬಹುದಲ್ಲ ಎಂದ ನನ್ನ ಮಗನಿಗೆ ಈ ವಿಚಾರದಲ್ಲಿ ಹುಂಜದ ಪಾತ್ರವೇನು ಎಂದು ವಿವರಿಸಲು ಹೊರಟು, ಅಕ್ಕ ಗದರಿದ್ದರಿಂದ ಅರ್ಧಕ್ಕೇ ಬಿಟ್ಟರು. ಗುಬ್ಬಿ ಕಡೆಯ ನೆಂಟರ ತೋಟದಿಂದ ನಾಟಿ ಮೊಟ್ಟೆ ಬಂದವು. ವಾರ ದಾಟಿದ್ದು ಬೇಡ, ಫ್ರಿಜ್ಜಿನಲ್ಲಿಟ್ಟದ್ದು ಬೇಡ, ಸೊಟ್ಟಗಿರೋದು ಬೇಡ. ಮಗಳಿಗೆ ಗಂಡು ಹುಡುಕುವಾಗ ಈ ಮನುಷ್ಯ ಇಷ್ಟು ವಿಚಾರಿಸಿರಲಿಲ್ಲ ಎಂದಳು ಅಕ್ಕ.

ಇಷ್ಟೆಲ್ಲ ದೂರದಿಂದ ನೋಡಿ ನಗುವಂಥದ್ದೇ. ನಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದದ್ದು ತೊಂದರೆಯಾಯಿತು. ಏಪ್ರಿಲ್ ತಿಂಗಳು. ಸಂಜೆ ಹೋದ ಕರೆಂಟು ಎಷ್ಟು ಹೊತ್ತಾದರೂ ಬರದೆ, ಭಾವ ಪೆಟ್ಟಿಗೆಗೆ ಶಾಲು ಸುತ್ತಿ ಎದೆಗವಚಿಕೊಂಡು ಬಂದರು. ಹಾಲಿನಲ್ಲಿದ್ದ ಟೀವಿ ಕೆಳಗಿಳಿಸಿ ಅದರ ಜಾಗದಲ್ಲಿ ಇಟ್ಟರು. "ಇನ್ನು ಇಲ್ಲೇ ಇರಲಿ, ಪದೇ ಪದೇ ಅಲುಗಾಡಿಸಬಾರದು." ಗಾಳಿ ಬಡಿಯುತ್ತದೆಂದು ಸೀಲಿಂಗ್ ಫ್ಯಾನನ್ನೂ ಆರಿಸಿದರು.

ಒಂದೊಂದು ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲಿನಲ್ಲಿ ಎಕ್ಸ್, ಇನ್ನೊಂದು ಮಗ್ಗುಲಿಗೆ ಸೊನ್ನೆ. ದಿನಕ್ಕೆ ಕಡಿಮೆಯೆಂದರೆ ಮೂರು ಸಲ ಮಗ್ಗುಲು ಬದಲಿಸಬೇಕು. ಕಾವಿಗೆ ಕೂತ ಹೇಟೆ ಕೊಕ್ಕಿನಿಂದ ಆಗಾಗ ಉರುಳಿಸುತ್ತಲೇ ಇರುತ್ತದಂತೆ. ಇಲ್ಲದಿದ್ದರೆ ಪಿಂಡ ಒಳಗಿನ ಪೊರೆಗೆ ಅಂಟಿಕೊಂಡು ಸಾಯುತ್ತದೆ. ಇದನ್ನೆಲ್ಲ ನನಗೆ ತಿಳಿಸಿ ಭಾವ ಧರ್ಮಸ್ಥಳಕ್ಕೆ ಮದುವೆಗೆ ಹೊರಟುಹೋದರು.

ಧಾರೆಯ ಹೊತ್ತಿಗೆ ಫೋನು. ಹಿಂದೆ ಗಟ್ಟಿಮೇಳ.

"ಎಕ್ಸ್ ಮೇಲಿದೆಯೋ, ಸೊನ್ನೆ ಮೇಲಿದೆಯೋ?"

"ಸೊನ್ನೆ, ಭಾವ."

"ಎಲ್ಲಾದ್ರದ್ದೂ?"

"ಎಲ್ಲಾದ್ರದ್ದೂ."

"ಆ ಮೂಲೇಲಿರೋದು?"

ಎದ್ದು ಹೋಗಿ ಟಾರ್ಚ್ ಬಿಟ್ಟು ನೋಡಿದೆ. ಸೊನ್ನೆಯೇ.

"ಕೈ ತೊಳ್ಕೊಂಡು ಮುಟ್ಟಿದೆ ತಾನೆ?"

ಅತ್ತ ಯಾರೋ ಅಕ್ಷತೆಗೆ ಕರೆದರು. "ಸಂಜೆ ಮಾಡ್ತೀನಿ" ಎಂದು ಭಾವ ಫೋನಿಟ್ಟರು. ಮಾಡಿದರು ಕೂಡ. ಕಚೇರಿಯಲ್ಲಿ ನನ್ನ ಫೈಲುಗಳು ತಿಂಗಳುಗಟ್ಟಲೆ ಒಂದೇ ಮಗ್ಗುಲಲ್ಲಿ ಮಲಗಿರುತ್ತವೆ. ಅಂಥ ನಾನು ಮೀಟಿಂಗಿನ ನಡುವೆ ಅಲಾರಂ ಹೊಡೆದದ್ದೇ ಎದ್ದು ಮನೆಗೆ ಓಡತೊಡಗಿದೆ. "ನನ್ನ ಥೈರಾಯ್ಡ್ ಮಾತ್ರೆ ಒಂದು ದಿನ ಜ್ಞಾಪಿಸಿದ್ದುಂಟಾ?" ಎಂದಳು ಹೆಂಡತಿ. ಉತ್ತರ ನನ್ನಲ್ಲಿರಲಿಲ್ಲ.

ಏಳನೇ ದಿನ ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದು ರಕ್ತನಾಳ ತೋರಿಸಿದರು. ನಮ್ಮತ್ತೆ ಕೈ ಮುಗಿದರು. ಹದಿನೆಂಟನೇ ದಿನದಿಂದ ಮೊಟ್ಟೆ ತಿರುಗಿಸುವಂತಿಲ್ಲ, ನೀರಿನ ಬಟ್ಟಲು ಎರಡಾಗಬೇಕು, ಮುಚ್ಚಳ ತೆಗೆಯಲೇಬಾರದು. ತೆಗೆದರೆ ತೇವ ಹಾರಿ, ಪೊರೆ ಒಣಗಿ, ಮರಿ ಅದರೊಳಗೇ ಸಿಕ್ಕಿಬೀಳುತ್ತದೆ.

ಭಾವ ತೆಗೆಯದೆ ಬಿಟ್ಟ ಮುಚ್ಚಳ ನಾನು ಕಂಡಿಲ್ಲ. ನನ್ನ ರೇಡಿಯೋ, ಮದುವೆಗೆ ಬಂದ ಗೋಡೆ ಗಡಿಯಾರ, ಅಕ್ಕನ ಕುಕ್ಕರು, ಎಲ್ಲವನ್ನೂ ಬಿಚ್ಚಿದವರು. ಇಪ್ಪತ್ತನೇ ರಾತ್ರಿ ಅದೇ ಮನುಷ್ಯ ಎರಡೂ ಕೈಯನ್ನು ತೊಡೆಯಡಿಗೆ ಹಾಕಿಕೊಂಡು ಗಾಜಿನ ಮುಂದೆ ಕೂತಿದ್ದರು. ಒಡೆಯದ ಮೊಟ್ಟೆಯೊಳಗಿಂದ ಚಿಂವ್ ಎಂಬ ಸದ್ದು ಬರುತ್ತಿತ್ತು. ಒಂದು ಮೊಟ್ಟೆ ಚೂರೇ ಚೂರು ಒಡೆದು, ತೂತಿನಲ್ಲಿ ಕೊಕ್ಕಿನ ತುದಿ ಕಂಡು, ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಅಕ್ಕನಿಗೆ ತಡೆಯಲಾಗಲಿಲ್ಲ. "ಪಾಪ, ಉಗುರಲ್ಲಿ ಒಂಚೂರು ಬಿಡಿಸ್ರೀ."

"ಬೇಡ. ಪೊರೇಲಿ ಇನ್ನೂ ರಕ್ತ ಇರುತ್ತೆ. ನಾವು ಕಿತ್ತರೆ ಹೋಗಿಬಿಡುತ್ತೆ. ಅದೇ ಬರಲಿ." ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅಕ್ಕ ಅಡುಗೆಮನೆಯಲ್ಲಿ ಕಾಫಿ ಸೋಸುತ್ತ ನನಗೊಬ್ಬನಿಗೇ ಹೇಳಿದಳು: "ಮಕ್ಕಳಿಗೆ ಜ್ವರ ಬಂದಾಗೆಲ್ಲ ಇವರದು ನೈಟ್ ಶಿಫ್ಟು ಕಣೋ. ಒಂದು ರಾತ್ರೀನೂ ಹೀಗೆ ಕೂರೋಕೆ ಆಗಿರಲಿಲ್ಲ." ಬಯ್ಯುವ ದನಿಯಲ್ಲೇ ಹೇಳಿದಳು. ಕಾಫಿಗೆ ಮಾತ್ರ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿದಳು, ಅವರಿಗೆ ಸಕ್ಕರೆ ಕಾಯಿಲೆಯಿದ್ದರೂ.

ಬೆಳಗಾಗುವಷ್ಟರಲ್ಲಿ ಅದು ತಾನೇ ಹೊರಗೆ ಬಂತು, ಒದ್ದೆಯಾಗಿ, ಕುತ್ತಿಗೆ ನಿಲ್ಲದೆ. ಸಂಜೆಗೆ ಅರ್ಧಕ್ಕಿಂತ ಹೆಚ್ಚು ಮೊಟ್ಟೆ ಒಡೆದವು. ನಾನು ಕಣ್ಣೊರೆಸಿಕೊಂಡು ಭಾವನ ಕಡೆ ನೋಡಿದರೆ ಅವರು ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿದ್ದರು. ಮರಿಗಳನ್ನು ಏನು ಮಾಡುವುದು ಎಂದೆ. "ಹೊಟ್ಟೇಲಿ ಹಳದಿ ಇದೆ, ಒಂದು ದಿನ ಏನೂ ಹಾಕದಿದ್ರೂ ನಡೆಯುತ್ತೆ. ಆಮೇಲೆ ಯಾರಿಗಾದ್ರೂ ಕೊಡು" ಎಂದು ಫ್ಯಾನು ಬಿಚ್ಚಿದರು. ಬೀದಿಯಲ್ಲಿ ಬೇಕೆಂದವರಿಗೆಲ್ಲ ಹಂಚಿದೆ. ನಮ್ಮಲ್ಲಿ ಉಳಿದದ್ದು ಹುಂಜವಾಗಿ ಬೆಳೆದು, ಕೋಳಿ ಕೂಗುವ ಹೊತ್ತಿಗೂ ಮೊದಲೇ ಕೂಗುತ್ತದೆ. ಅಕ್ಕಪಕ್ಕದವರು ಜಗಳಕ್ಕೆ ಬರುವುದು ನನ್ನ ಹತ್ತಿರ. ಭಾವನಿಗೆ ಎಲ್ಲರೂ ನಮಸ್ಕಾರ ಹೇಳುತ್ತಾರೆ.

ಎರಡನೇ ಮಾಡೆಲ್ ತಯಾರಾಗಿದೆ. ಮೋಟಾರ್ ಇಟ್ಟಿದ್ದಾರೆ, ಮೊಟ್ಟೆ ತಾನೇ ತಿರುಗುತ್ತದಂತೆ. ತಿರುಗಿತೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ಈ ಸಲ ತಂದಿರುವುದು ಬಾತುಕೋಳಿ ಮೊಟ್ಟೆ. ಅದಕ್ಕೆ 28 ದಿನ.